ಪಕ್ಕದ ಕಂಪ್ಯೂಟರ್‌ನಲ್ಲಿ ತೆರೆಯುವ ಸೈಟು ನಿಮ್ಮದರಲ್ಲಿ ಯಾಕೆ ತೆರೆಯಲ್ಲ? ಡಿಎನ್‌ಎಸ್ ಕ್ಯಾಶ್ ಬಗ್ಗೆ ತಿಳಿಯಬೇಕಾದದ್ದು

ಗಂಗಾವತಿಯಲ್ಲೋ ಸಿಂಧನೂರಿನಲ್ಲೋ ಯಾವುದಾದರೂ ಆನ್‌ಲೈನ್ ಸೆಂಟರ್ ನೋಡಿ. ಅಂಗಡಿ ಒಂದೇ, ವೈಫೈ ಒಂದೇ, ಕಂಪ್ಯೂಟರ್ ಎರಡು. ಒಂದರಲ್ಲಿ ಪಹಣಿ ಪ್ರಿಂಟ್ ಆಗಿ ಹೊರಗೆ ಬರುತ್ತಿರುತ್ತದೆ. ಪಕ್ಕದ್ದರಲ್ಲಿ ಅದೇ ಸೈಟು ತೆರೆಯುವುದೇ ಇಲ್ಲ. ‘ಸರ್ವರ್ ಡೌನ್ ಐತ್ರೀ, ನಾಳೆ ಬರ್ರಿ’ ಅಂದಕೂಡಲೇ ಹಳ್ಳಿಯಿಂದ ಬಸ್ಸಿಗೆ ಬಂದವರು ವಾಪಸ್ ಹೊರಡುತ್ತಾರೆ. ಆದರೆ ಸರ್ವರ್ ನಿಜಕ್ಕೂ ಡೌನ್ ಆಗಿದ್ದರೆ ಪಕ್ಕದ ಕಂಪ್ಯೂಟರ್‌ನಲ್ಲೂ ತೆರೆಯಬಾರದಿತ್ತು ಅಲ್ವಾ?

ಈಗ ಇಂಥ ತೊಂದರೆಗೆಲ್ಲ ಒಂದೇ ಮದ್ದು ಎಂಬಂತೆ ಒಂದು ಸಲಹೆ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತದೆ: ‘ಡಿಎನ್‌ಎಸ್ ಫ್ಲಶ್ ಮಾಡ್ರಿ, ನೆಟ್ ಸರಿ ಆಗ್ತದ.’ ಸಲಹೆ ಸುಳ್ಳಲ್ಲ. ಆದರೆ ಅದು ಒಂದೇ ಒಂದು ಬಗೆಯ ತೊಂದರೆಗೆ ಕೆಲಸ ಮಾಡುತ್ತದೆ. ನಿಮ್ಮದು ಆ ತೊಂದರೆಯೇ ಹೌದೋ ಅಲ್ಲವೋ ಎಂದು ಐದು ನಿಮಿಷದಲ್ಲಿ ಕಂಡುಕೊಳ್ಳಬಹುದು. ಪಹಣಿ, ಜಾತಿ ಪ್ರಮಾಣಪತ್ರ, ಬೆಳೆ ವಿಮೆ, ಸಿಇಟಿ ಆಪ್ಷನ್ ಎಂಟ್ರಿ ಎಲ್ಲವೂ ಕಂಪ್ಯೂಟರ್ ಮೂಲಕವೇ ಆಗಬೇಕಾದ ಕಾಲದಲ್ಲಿ ಇದು ಗೊತ್ತಿದ್ದರೆ ಒಂದು ದಿನದ ಕೂಲಿ ಉಳಿಯಬಹುದು.

## ಹೆಸರು ನಮಗೆ, ನಂಬರ್ ಕಂಪ್ಯೂಟರ್‌ಗೆ

ಇಂಟರ್ನೆಟ್‌ನಲ್ಲಿ ಕಂಪ್ಯೂಟರ್‌ಗಳು ಒಂದನ್ನೊಂದು ಹುಡುಕುವುದು ನಂಬರ್‌ನಿಂದ. ಅದೇ ಐಪಿ ಅಡ್ರೆಸ್. ಹೆಚ್ಚಾಗಿ ಕಾಣುವ ಬಗೆಯಲ್ಲಿ ನಾಲ್ಕು ಸಂಖ್ಯೆಗಳಿರುತ್ತವೆ, ನಡುವೆ ಚುಕ್ಕಿ ಇರುತ್ತದೆ. ಪ್ರತಿಯೊಂದೂ 0 ಮತ್ತು 255ರ ನಡುವೆ. ಉದಾಹರಣೆಗೆ 8.8.8.8. ಈ ಬಗೆಯಲ್ಲಿ ಸುಮಾರು 430 ಕೋಟಿ ಅಡ್ರೆಸ್ ಮಾತ್ರ ಸಾಧ್ಯ. ಅಷ್ಟು ಸಾಲದ್ದರಿಂದ ಇನ್ನೂ ಉದ್ದನೆಯ, ಅಕ್ಷರಗಳೂ ಸೇರಿರುವ ಐಪಿವಿ6 ಅಡ್ರೆಸ್‌ಗಳು ಬಂದಿವೆ.

ಇಂಥ ನಂಬರ್‌ಗಳನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ? ನಾವು ಹೆಸರು ಟೈಪ್ ಮಾಡುತ್ತೇವೆ. ಆ ಹೆಸರಿಗೆ ಯಾವ ನಂಬರ್ ಎಂದು ಹುಡುಕಿ ಕೊಡುವ ಏರ್ಪಾಡೇ ಡೊಮೈನ್ ನೇಮ್ ಸಿಸ್ಟಮ್, ಚಿಕ್ಕದಾಗಿ ಡಿಎನ್‌ಎಸ್.

ಮೊದಲಿಗೆ ಹೀಗಿರಲಿಲ್ಲ. ಇಂಟರ್ನೆಟ್‌ಗೂ ಮುಂಚಿನ ಅರ್ಪಾನೆಟ್ ಕಾಲದಲ್ಲಿ ಎಲ್ಲ ಹೆಸರು, ಎಲ್ಲ ನಂಬರ್ ಒಂದೇ ಫೈಲಿನಲ್ಲಿ ಇದ್ದವು. ಅಮೆರಿಕದ ಸ್ಟ್ಯಾನ್‌ಫರ್ಡ್ ರಿಸರ್ಚ್ ಇನ್‌ಸ್ಟಿಟ್ಯೂಟ್‌ನಲ್ಲಿ ಎಲಿಜಬೆತ್ ಫೈನ್ಲರ್ ಅವರ ತಂಡ ಆ ಫೈಲನ್ನು ನೋಡಿಕೊಳ್ಳುತ್ತಿತ್ತು. ಹೊಸ ಕಂಪ್ಯೂಟರ್ ಸೇರಿದಾಗಲೆಲ್ಲ ಅವರಿಗೆ ತಿಳಿಸಬೇಕು, ಅವರು ಬರೆದುಕೊಳ್ಳಬೇಕು, ಉಳಿದವರು ಫೈಲನ್ನು ಮತ್ತೆ ಇಳಿಸಿಕೊಳ್ಳಬೇಕು. ಕಂಪ್ಯೂಟರ್‌ಗಳು ಜಾಸ್ತಿ ಆಗುತ್ತಾ ಹೋದಂತೆ ಇದು ನಡೆಯಲಿಲ್ಲ. 1983ರಲ್ಲಿ ಪಾಲ್ ಮೊಕಪೆಟ್ರಿಸ್ ಬೇರೆಯೇ ಏರ್ಪಾಡು ರೂಪಿಸಿದರು. ಒಂದೇ ಪಟ್ಟಿಯ ಬದಲು ಕೆಲಸವನ್ನು ಹಂಚುವುದು, ಅವರವರ ಹೆಸರುಗಳ ಲೆಕ್ಕವನ್ನು ಅವರವರೇ ಇಟ್ಟುಕೊಳ್ಳುವುದು. ನಾವು ಇವತ್ತು ಬಳಸುತ್ತಿರುವುದು ಅದನ್ನೇ.

## ಒಂದು ಹೆಸರಿನ ಬೆನ್ನು ಹತ್ತಿ

ರಾಯಚೂರು ಜಿಲ್ಲಾಡಳಿತದ ಸೈಟಿನ ಹೆಸರು ‘ರಾಯಚೂರು ಡಾಟ್ ಎನ್‌ಐಸಿ ಡಾಟ್ ಇನ್’. ನಾವು ಎಡದಿಂದ ಓದುತ್ತೇವೆ, ಡಿಎನ್‌ಎಸ್ ಬಲದಿಂದ ಓದುತ್ತದೆ.

ನೀವು ಆ ಹೆಸರು ಟೈಪ್ ಮಾಡಿದಾಗ ಕಂಪ್ಯೂಟರ್ ಮೊದಲು ಕೇಳುವುದು ನಿಮ್ಮ ರೌಟರ್ ಅನ್ನು. ರೌಟರ್ ಕೇಳುವುದು ನಿಮಗೆ ನೆಟ್ ಕೊಟ್ಟ ಕಂಪನಿಯ ಡಿಎನ್‌ಎಸ್ ಸರ್ವರ್ ಅನ್ನು. ಅದಕ್ಕೂ ಗೊತ್ತಿಲ್ಲದಿದ್ದರೆ ನಿಜವಾದ ಹುಡುಕಾಟ ಶುರುವಾಗುತ್ತದೆ. ಮೊದಲು ರೂಟ್ ಸರ್ವರ್. ‘ಎ’ಯಿಂದ ‘ಎಂ’ವರೆಗೆ ಇವುಗಳಿಗೆ 13 ಹೆಸರು, ನಡೆಸುವ ಸಂಸ್ಥೆಗಳು 12. ಹೆಸರು 13 ಆದರೂ ಅವುಗಳ ನಕಲುಗಳು ಜಗತ್ತಿನ ತುಂಬ ಇವೆ, ಭಾರತದಲ್ಲೂ ಇವೆ. ರೂಟ್ ಸರ್ವರ್‌ಗೆ ರಾಯಚೂರು ಗೊತ್ತಿಲ್ಲ. ‘ಡಾಟ್ ಇನ್ ಲೆಕ್ಕ ಇಟ್ಟವರು ಇಲ್ಲಿದ್ದಾರೆ, ಅವರನ್ನು ಕೇಳು’ ಎಂದಷ್ಟೇ ಹೇಳುತ್ತದೆ. ಡಾಟ್ ಇನ್ ನೋಡಿಕೊಳ್ಳುವುದು ನ್ಯಾಷನಲ್ ಇಂಟರ್ನೆಟ್ ಎಕ್ಸ್‌ಚೇಂಜ್ ಆಫ್ ಇಂಡಿಯಾ. ಕನ್ನಡ ಅಕ್ಷರದಲ್ಲೇ ಬರೆಯುವ ಡಾಟ್ ಭಾರತ ಹೆಸರುಗಳೂ ಇದರ ಕೈಯಲ್ಲೇ ಇವೆ. ಅಲ್ಲಿಂದ ಸಿಗುವುದು ‘ಎನ್‌ಐಸಿ (ಸರ್ಕಾರದ ನ್ಯಾಷನಲ್ ಇನ್‌ಫರ್ಮ್ಯಾಟಿಕ್ಸ್ ಸೆಂಟರ್) ಹೆಸರುಗಳ ಲೆಕ್ಕ ಇಟ್ಟ ಸರ್ವರ್ ಇದು’ ಎಂಬ ಉತ್ತರ. ಕೊನೆಗೆ ಆ ಸರ್ವರ್ ‘ರಾಯಚೂರಿನ ನಂಬರ್ ಇದು’ ಎನ್ನುತ್ತದೆ. ಆ ನಂಬರ್ ಅದೇ ದಾರಿಯಲ್ಲಿ ವಾಪಸ್ ಬಂದು ನಿಮ್ಮ ಕಂಪ್ಯೂಟರ್ ಸೇರುತ್ತದೆ.

ಇಷ್ಟೆಲ್ಲ ನಡೆಯುವುದು ಕಣ್ಣು ಮಿಟುಕಿಸುವಷ್ಟರಲ್ಲಿ. ಹಾಗಂತ ಪ್ರತಿ ಸಲ, ಪ್ರತಿ ಪುಟಕ್ಕೆ ಇದನ್ನೇ ಮಾಡುತ್ತಾ ಕೂತರೆ ನೆಟ್ ನಿಧಾನವಾಗುತ್ತದೆ, ಆ ಸರ್ವರ್‌ಗಳ ಮೇಲೂ ಸುಮ್ನೆ ಹೊರೆ ಬೀಳುತ್ತದೆ. ಅದಕ್ಕೇ ಸಿಕ್ಕ ಉತ್ತರವನ್ನು ಕಂಪ್ಯೂಟರ್ ಸ್ವಲ್ಪ ಹೊತ್ತು ಬರೆದಿಟ್ಟುಕೊಳ್ಳುತ್ತದೆ. ಆ ಬರಹವೇ ಡಿಎನ್‌ಎಸ್ ಕ್ಯಾಶ್.

## ಅಂಗಡಿ ಜಾಗ ಬದಲಾಯಿತು, ಡ್ರೈವರ್‌ಗೆ ಗೊತ್ತಿಲ್ಲ

ಮಾನ್ವಿ ಕಡೆಯಿಂದ ಹತ್ತಿ ತುಂಬಿಕೊಂಡು ರಾಯಚೂರು ಗಂಜ್‌ಗೆ ಬರುವ ಟ್ರ್ಯಾಕ್ಟರ್ ಡ್ರೈವರ್ ಮೊದಲ ಸಲ ಗೇಟಿನ ಹತ್ತಿರ ನಿಲ್ಲಿಸಿ ಕೇಳುತ್ತಾನೆ, ‘ಇಂಥವರ ದಲಾಲಿ ಅಂಗಡಿ ಎಷ್ಟನೇ ನಂಬರ್ರೀ?’ ಎರಡನೇ ಸಲ ಕೇಳುವುದಿಲ್ಲ, ನೆಟ್ಟಗೆ ಹೋಗುತ್ತಾನೆ. ಒಂದು ದಿನ ಆ ಅಂಗಡಿ ಗಂಜ್‌ನಲ್ಲೇ ಬೇರೆ ಸಾಲಿಗೆ ಹೋಯಿತು ಅನ್ನಿ. ಡ್ರೈವರ್ ಹಳೇ ನಂಬರ್ ಮುಂದೆ ಗಾಡಿ ನಿಲ್ಲಿಸುತ್ತಾನೆ. ಶಟರ್ ಮುಚ್ಚಿದೆ. ಅಂಗಡಿ ಮಾತ್ರ ಆ ಕಡೆ ತೆರೆದೇ ಇದೆ, ವ್ಯಾಪಾರ ನಡೆದೇ ಇದೆ. ಅದೇ ದಿನ ಮೊದಲ ಸಲ ಬಂದು ಗೇಟಿನಲ್ಲಿ ಕೇಳಿದ ಇನ್ನೊಬ್ಬ ಡ್ರೈವರ್ ಸರಿಯಾದ ಜಾಗಕ್ಕೇ ಹೋಗುತ್ತಾನೆ.

ಪಕ್ಕಪಕ್ಕದ ಎರಡು ಕಂಪ್ಯೂಟರ್‌ಗಳ ಕಥೆ ಇದೇ. ಸೈಟಿನವರು ಹೊಸ ಸರ್ವರ್‌ಗೆ ಹೋಗಿದ್ದಾರೆ, ನಂಬರ್ ಬದಲಾಗಿದೆ. ಒಂದು ಕಂಪ್ಯೂಟರ್ ಹಳೇ ನಂಬರ್ ಹಿಡಿದು ಕೂತಿದೆ, ಇನ್ನೊಂದು ಹೊಸದಾಗಿ ಕೇಳಿಕೊಂಡಿದೆ. ಕ್ಯಾಶ್ ಅಳಿಸುವುದು, ಅಂದರೆ ವಾಟ್ಸಾಪ್ ಸಲಹೆಯ ‘ಫ್ಲಶ್’, ಹಳೇದನ್ನು ಮರೆಸಿ, ಮತ್ತೆ ಕೇಳುವ ಹಾಗೆ ಮಾಡುವುದು. ಅಷ್ಟೇ.

ಹಾಗಾದರೆ ಈ ನೆನಪು ಎಷ್ಟು ಹೊತ್ತು ಇರುತ್ತದೆ? ಅದನ್ನು ತೀರ್ಮಾನಿಸುವವರು ಸೈಟಿನವರೇ. ಪ್ರತಿ ಉತ್ತರದ ಜೊತೆ ಒಂದು ಅವಧಿ ಬರುತ್ತದೆ. ಅದರ ಹೆಸರು ಟೈಮ್ ಟು ಲಿವ್, ಟಿಟಿಎಲ್. ಲೆಕ್ಕ ಸೆಕೆಂಡ್‌ಗಳಲ್ಲಿ. 300 ಅಂದರೆ ಐದು ನಿಮಿಷ, 3600 ಅಂದರೆ ಒಂದು ಗಂಟೆ, 86400 ಅಂದರೆ ಒಂದು ದಿನ. ಅವಧಿ ಮುಗಿದ ಮೇಲೆ ಕಂಪ್ಯೂಟರ್ ಮತ್ತೆ ಕೇಳಲೇಬೇಕು. ವಿಂಡೋಸ್ ತಾನಾಗಿ ಒಂದು ದಿನಕ್ಕಿಂತ ಜಾಸ್ತಿ ಇಟ್ಟುಕೊಳ್ಳುವುದಿಲ್ಲ. ‘ನಿನ್ನೆ ಬರಲಿಲ್ಲ, ಇವತ್ತು ತಾನಾಗೇ ಸರಿ ಆಯ್ತು’ ಎಂಬ ಎಷ್ಟೋ ಪ್ರಕರಣಗಳಲ್ಲಿ ನಡೆದಿರುವುದು ಇದೇ.

## ನಿಮ್ಮ ಕಂಪ್ಯೂಟರ್ ಏನು ಬರೆದಿಟ್ಟಿದೆ, ನೋಡಿ

ಇದನ್ನು ಕಣ್ಣಾರೆ ನೋಡಬಹುದು. ವಿಂಡೋಸ್‌ನ ಸ್ಟಾರ್ಟ್ ಮೆನುವಿನಲ್ಲಿ ಸಿ, ಎಂ, ಡಿ ಎಂದು ಟೈಪ್ ಮಾಡಿ ಎಂಟರ್ ಒತ್ತಿ. ಕಮಾಂಡ್ ಪ್ರಾಂಪ್ಟ್ ಎಂಬ ಕಪ್ಪು ಕಿಟಕಿ ತೆರೆಯುತ್ತದೆ. ಅದರಲ್ಲಿ ಇಂಗ್ಲಿಷ್ ಸಣ್ಣ ಅಕ್ಷರಗಳಲ್ಲಿ ‘ಐಪಿಕಾನ್ಫಿಗ್’ ಎಂದು ಟೈಪ್ ಮಾಡಿ. ಅಕ್ಷರಗಳು ಐ, ಪಿ, ಸಿ, ಓ, ಎನ್, ಎಫ್, ಐ, ಜಿ. ಒಂದು ಸ್ಪೇಸ್ ಬಿಟ್ಟು ಸ್ಲ್ಯಾಶ್ ಹಾಕಿ. ಕೀಬೋರ್ಡ್‌ನಲ್ಲಿ ಪ್ರಶ್ನಾರ್ಥಕ ಚಿಹ್ನೆ ಇರುವ ಕೀಲಿಯೇ ಸ್ಲ್ಯಾಶ್. ಅದಕ್ಕೆ ಅಂಟಿಸಿ ‘ಡಿಸ್‌ಪ್ಲೇಡಿಎನ್‌ಎಸ್’, ನಡುವೆ ಸ್ಪೇಸ್ ಬೇಡ. ಎಂಟರ್ ಒತ್ತಿ.

ಉದ್ದನೆಯ ಪಟ್ಟಿ ಸರಸರನೆ ಉರುಳುತ್ತದೆ. ಒಂದು ಕಡೆ ನಿಲ್ಲಿಸಿ ನೋಡಿ. ‘ರೆಕಾರ್ಡ್ ನೇಮ್’ ಎದುರು ಸೈಟಿನ ಹೆಸರು. ‘ರೆಕಾರ್ಡ್ ಟೈಪ್’ ಎದುರು 1 ಇದ್ದರೆ ಅದು ಹಳೇ ಬಗೆಯ ನಾಲ್ಕು ಸಂಖ್ಯೆಗಳ ಅಡ್ರೆಸ್, 28 ಇದ್ದರೆ ಐಪಿವಿ6. ‘ಟೈಮ್ ಟು ಲಿವ್’ ಎದುರು ಒಂದು ಸಂಖ್ಯೆ, 2874 ಅಂತ ಇಟ್ಟುಕೊಳ್ಳಿ. ಒಂದು ನಿಮಿಷ ಬಿಟ್ಟು ಅದೇ ಕಮಾಂಡ್ ಮತ್ತೆ ಕೊಡಿ. ಅದು 2814ರ ಆಸುಪಾಸಿಗೆ ಇಳಿದಿರುತ್ತದೆ. ನೆನಪಿನ ಅವಧಿ ಕಣ್ಣೆದುರೇ ಕರಗುತ್ತಿದೆ. ಕ್ಯಾಶ್ ಅಂದರೆ ಏನು ಎಂದು ಅಂಗಡಿಯ ಹುಡುಗರಿಗೆ ಹೇಳಿಕೊಡಬೇಕಾದರೆ ಇದಕ್ಕಿಂತ ಒಳ್ಳೇ ದಾರಿ ಇಲ್ಲ ಎಂದು ನನಗನಿಸುತ್ತದೆ.

## ತಪ್ಪು ಉತ್ತರ ಉಳಿಯುವುದು ಯಾವಾಗ

ಸರ್ವರ್ ಬದಲಾದದ್ದು ಒಂದು ಕಾರಣ. ಇನ್ನೊಂದು ಕಾರಣ ಅಷ್ಟಾಗಿ ಯಾರಿಗೂ ಹೊಳೆಯುವುದಿಲ್ಲ. ಕಂಪ್ಯೂಟರ್ ‘ಇಲ್ಲ’ ಎಂಬ ಉತ್ತರವನ್ನೂ ನೆನಪಿಟ್ಟುಕೊಳ್ಳುತ್ತದೆ. ಒಂದು ಇಲಾಖೆ ಹೊಸ ವೆಬ್ ಅಡ್ರೆಸ್ ಪ್ರಕಟಿಸಿದೆ, ಆದರೆ ಡಿಎನ್‌ಎಸ್‌ನಲ್ಲಿ ಇನ್ನೂ ಸೇರಿಸಿಲ್ಲ. ನೀವು ಮುಂಜಾನೆಯೇ ಟೈಪ್ ಮಾಡಿದಿರಿ. ‘ಅಂಥ ಹೆಸರೇ ಇಲ್ಲ’ ಎಂಬ ಉತ್ತರ ಬಂತು. ಸ್ವಲ್ಪ ಹೊತ್ತಿಗೆ ಅವರು ಸೇರಿಸಿದರು, ಎಲ್ಲರಿಗೂ ತೆರೆಯಿತು. ನಿಮ್ಮಲ್ಲಿ ಮಾತ್ರ ‘ಇಲ್ಲ’ ಎಂಬ ನೆನಪು ಉಳಿದಿರುತ್ತದೆ. ಕ್ರೋಮ್ ಆಗ ಎನ್‌ಎಕ್ಸ್‌ಡೊಮೈನ್ ಎಂದು ಮುಗಿಯುವ ಎರರ್ ತೋರಿಸುತ್ತದೆ.

ಮೂರನೆಯದು ಲ್ಯಾಪ್‌ಟಾಪ್ ಇಟ್ಟುಕೊಂಡವರದ್ದು. ಕಾರ್ಖಾನೆಯಲ್ಲೋ ಆಫೀಸಿನಲ್ಲೋ ಒಳಗಿನ ನೆಟ್‌ವರ್ಕ್‌ಗೆ ಜೋಡಿಸಿದಾಗ, ಅಥವಾ ದೂರದಿಂದಲೇ ಆ ನೆಟ್‌ವರ್ಕ್ ಸೇರಿಸುವ ವಿಪಿಎನ್ ಹಾಕಿದಾಗ, ಕೆಲವು ಹೆಸರುಗಳಿಗೆ ಅಲ್ಲಿ ಮಾತ್ರ ನಡೆಯುವ ನಂಬರ್ ಸಿಕ್ಕಿರುತ್ತದೆ. ತೋರಣಗಲ್ಲಿನಲ್ಲಿ ಕೆಲಸ ಮುಗಿಸಿ ಬಳ್ಳಾರಿಯ ಮನೆಗೆ ಬಂದ ಮೇಲೂ ಲ್ಯಾಪ್‌ಟಾಪ್ ಅದೇ ನಂಬರ್ ಹುಡುಕಿದರೆ ಏನೂ ಸಿಗುವುದಿಲ್ಲ.

## ಅಳಿಸುವ ಮೊದಲು ಇದನ್ನು ನೋಡಿ

ಅದೇ ಕಪ್ಪು ಕಿಟಕಿಯಲ್ಲಿ ‘ಪಿಂಗ್’ ಎಂದು ಟೈಪ್ ಮಾಡಿ, ಸ್ಪೇಸ್ ಬಿಟ್ಟು 8.8.8.8 ಎಂದು ಹಾಕಿ. ಇದು ಗೂಗಲ್ 2009ರಿಂದ ಎಲ್ಲರಿಗೂ ತೆರೆದಿಟ್ಟಿರುವ ಡಿಎನ್‌ಎಸ್ ಸರ್ವರ್‌ನ ನಂಬರ್. ನಾವು ನಂಬರ್ ಅನ್ನೇ ಕೊಟ್ಟಿರುವುದರಿಂದ ಇಲ್ಲಿ ಹೆಸರು ಹುಡುಕುವ ಕೆಲಸವಿಲ್ಲ. ‘ರಿಪ್ಲೈ’ ಎಂದು ನಾಲ್ಕು ಸಾಲು ಬಂದರೆ ನಿಮ್ಮ ಲೈನ್ ಚೆನ್ನಾಗಿದೆ. ‘ರಿಕ್ವೆಸ್ಟ್ ಟೈಮ್ಡ್ ಔಟ್’ ಬಂದರೆ ತೊಂದರೆ ಹೆಚ್ಚಾಗಿ ಲೈನಿನಲ್ಲೋ ರೌಟರ್‌ನಲ್ಲೋ ಇದೆ. ರಸ್ತೆ ಅಗೆಯುವಾಗ ಕೇಬಲ್ ಕಡಿದಿರಬಹುದು, ರೀಚಾರ್ಜ್ ಮುಗಿದಿರಬಹುದು. ಡಿಎನ್‌ಎಸ್ ಅಳಿಸಿ ಉಪಯೋಗವಿಲ್ಲ.

ಲೈನ್ ಸರಿಯಿದ್ದರೆ ಈಗ ತೆರೆಯದ ಸೈಟಿನ ಹೆಸರು ಕೊಟ್ಟು ಪಿಂಗ್ ಮಾಡಿ. ಇಲ್ಲಿ ರಿಪ್ಲೈ ಬರುತ್ತದೋ ಇಲ್ಲವೋ ಎಂಬುದಕ್ಕೆ ಜಾಸ್ತಿ ಬೆಲೆ ಕೊಡಬೇಡಿ. ಎಷ್ಟೋ ಸೈಟುಗಳು, ಅದರಲ್ಲೂ ಸರ್ಕಾರಿ ಸೈಟುಗಳು, ಪಿಂಗ್‌ಗೆ ಉತ್ತರ ಕೊಡದಂತೆ ಮಾಡಿಟ್ಟಿರುತ್ತಾರೆ. ನೋಡಬೇಕಾದದ್ದು ಮೊದಲ ಸಾಲು. ಹೆಸರಿನ ಪಕ್ಕ ಚೌಕ ಆವರಣದಲ್ಲಿ ಒಂದು ನಂಬರ್ ಕಂಡರೆ ಕಂಪ್ಯೂಟರ್‌ಗೆ ಯಾವುದೋ ಉತ್ತರ ಸಿಕ್ಕಿದೆ ಎಂದರ್ಥ. ‘ಕುಡ್ ನಾಟ್ ಫೈಂಡ್ ಹೋಸ್ಟ್’ ಎಂದರೆ ಹೆಸರಿಗೆ ನಂಬರ್ ಸಿಕ್ಕಿಲ್ಲ. ತೊಂದರೆ ಡಿಎನ್‌ಎಸ್‌ನದ್ದೇ.

ನಂಬರ್ ಸಿಕ್ಕರೂ ಸೈಟು ತೆರೆಯದಿದ್ದರೆ ಆ ನಂಬರ್ ಹಳೆಯದೇ ಎಂದು ನೋಡಬೇಕು. ಅದಕ್ಕೆ ‘ಎನ್‌ಎಸ್‌ಲುಕಪ್’ ಎಂಬ ಕಮಾಂಡ್ ಇದೆ. ಎನ್, ಎಸ್, ಎಲ್, ಓ, ಓ, ಕೆ, ಯು, ಪಿ, ಆಮೇಲೆ ಸ್ಪೇಸ್ ಬಿಟ್ಟು ಸೈಟಿನ ಹೆಸರು. ಇದರ ವಿಶೇಷ ಏನೆಂದರೆ, ಇದು ಕಂಪ್ಯೂಟರ್ ಬರೆದಿಟ್ಟಿದ್ದನ್ನು ನೋಡುವುದಿಲ್ಲ, ನೇರವಾಗಿ ಡಿಎನ್‌ಎಸ್ ಸರ್ವರ್ ಅನ್ನೇ ಕೇಳುತ್ತದೆ. ಪಿಂಗ್ ತೋರಿಸಿದ ನಂಬರ್ ಒಂದು, ಎನ್‌ಎಸ್‌ಲುಕಪ್ ತೋರಿಸಿದ್ದು ಬೇರೆ ಆದರೆ, ಕ್ಯಾಶ್‌ನಲ್ಲಿ ಹಳೇ ಉತ್ತರ ಇರುವ ಸಾಧ್ಯತೆ ಹೆಚ್ಚು. ದೊಡ್ಡ ಸೈಟುಗಳಿಗೆ ಒಂದೇ ಹೆಸರಿಗೆ ಹಲವು ನಂಬರ್ ಇರುವುದುಂಟು. ಹಾಗಾಗಿ ಗೂಗಲ್‌ನಂಥ ಸೈಟಿನಲ್ಲಿ ನಂಬರ್ ಬೇರೆ ಬಂತು ಎಂದ ಮಾತ್ರಕ್ಕೆ ತಪ್ಪು ಎಂದುಕೊಳ್ಳಬೇಡಿ.

## ಅಳಿಸುವುದು

ಕಮಾಂಡ್ ಮೊದಲಿನಂತೆಯೇ. ‘ಐಪಿಕಾನ್ಫಿಗ್’, ಸ್ಪೇಸ್, ಸ್ಲ್ಯಾಶ್, ಅದಕ್ಕೆ ಅಂಟಿಸಿ ‘ಫ್ಲಶ್‌ಡಿಎನ್‌ಎಸ್’: ಎಫ್, ಎಲ್, ಯು, ಎಸ್, ಎಚ್, ಡಿ, ಎನ್, ಎಸ್. ಎಂಟರ್ ಒತ್ತಿದರೆ ‘ಸಕ್ಸಸ್‌ಫುಲಿ ಫ್ಲಶ್ಡ್’ ಎಂದು ಶುರುವಾಗುವ ಸಾಲು ಬರುತ್ತದೆ. ಅನುಮತಿ ಇಲ್ಲ ಎಂದರೆ ಕಿಟಕಿ ಮುಚ್ಚಿ, ಕಮಾಂಡ್ ಪ್ರಾಂಪ್ಟ್ ಮೇಲೆ ರೈಟ್ ಕ್ಲಿಕ್ ಮಾಡಿ ‘ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್’ ಆರಿಸಿ ಮತ್ತೆ ಮಾಡಿ.

ಬ್ರೌಸರ್ ತನ್ನದೇ ಇನ್ನೊಂದು ಪಟ್ಟಿ ಇಟ್ಟುಕೊಂಡಿರುತ್ತದೆ. ಇದನ್ನು ಮರೆತು ‘ಫ್ಲಶ್ ಮಾಡಿದ್ರೂ ಆಗ್ಲಿಲ್ಲ’ ಎನ್ನುವವರು ಬಹಳ. ಎಲ್ಲ ಕ್ರೋಮ್ ಕಿಟಕಿಗಳನ್ನು ಮುಚ್ಚಿ ಮತ್ತೆ ತೆರೆದರೆ ಸಾಮಾನ್ಯವಾಗಿ ಸಾಕು. ಇಲ್ಲವಾದರೆ ಅಡ್ರೆಸ್ ಬಾರ್‌ನಲ್ಲಿ ‘ಕ್ರೋಮ್’, ಕೋಲನ್, ಎರಡು ಸ್ಲ್ಯಾಶ್, ‘ನೆಟ್’, ಹೈಫನ್, ‘ಇಂಟರ್ನಲ್ಸ್’, ಸ್ಲ್ಯಾಶ್, ಹ್ಯಾಶ್, ‘ಡಿಎನ್‌ಎಸ್’ ಎಂದು ಇಂಗ್ಲಿಷ್‌ನಲ್ಲಿ ಒತ್ತಾಗಿ ಟೈಪ್ ಮಾಡಿ. ಬರುವ ಪುಟದಲ್ಲಿ ‘ಕ್ಲಿಯರ್ ಹೋಸ್ಟ್ ಕ್ಯಾಶ್’ ಬಟನ್ ಇರುತ್ತದೆ.

ಕಮಾಂಡ್ ಬೇಡ ಎನ್ನುವವರು ಕಂಪ್ಯೂಟರ್ ರೀಸ್ಟಾರ್ಟ್ ಮಾಡಬಹುದು. ಶಟ್‌ಡೌನ್ ಅಲ್ಲ, ರೀಸ್ಟಾರ್ಟ್. ಈಗಿನ ವಿಂಡೋಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಇದ್ದರೆ, ಶಟ್‌ಡೌನ್ ಆಗುವಾಗ ಒಳಗಿನ ಸ್ಥಿತಿಯ ಒಂದು ಭಾಗವನ್ನು ಉಳಿಸಿಕೊಂಡು ಮತ್ತೆ ಅದರಿಂದಲೇ ಏಳುತ್ತದೆ. ರೀಸ್ಟಾರ್ಟ್ ಪೂರ್ತಿ ಹೊಸದಾಗಿ ಶುರು ಮಾಡುತ್ತದೆ. ಮ್ಯಾಕ್‌ನಲ್ಲೂ ರೀಸ್ಟಾರ್ಟ್ ಸಾಕು. ಮೊಬೈಲ್‌ನಲ್ಲಿ ಏರೋಪ್ಲೇನ್ ಮೋಡ್ ಹಾಕಿ ತೆಗೆಯಿರಿ, ಅದಕ್ಕೂ ಬಗ್ಗದಿದ್ದರೆ ಫೋನ್ ರೀಸ್ಟಾರ್ಟ್ ಮಾಡಿ.

ಡಿಎನ್‌ಎಸ್ ಕ್ಯಾಶ್ ಅಳಿಸುವುದರಿಂದ ಸೇವ್ ಮಾಡಿದ ಪಾಸ್‌ವರ್ಡ್ ಹೋಗುವುದಿಲ್ಲ. ಹಿಸ್ಟರಿ, ಡೌನ್‌ಲೋಡ್, ಸೈಟಿನಲ್ಲಿ ಸೇವ್ ಮಾಡಿದ ಅರ್ಜಿಯ ಡ್ರಾಫ್ಟ್ ಯಾವುದಕ್ಕೂ ಏನೂ ಆಗುವುದಿಲ್ಲ. ಬ್ರೌಸರ್‌ನ ‘ಕ್ಲಿಯರ್ ಬ್ರೌಸಿಂಗ್ ಡೇಟಾ’ ಬೇರೆ, ಇದು ಬೇರೆ. ಅದನ್ನು ಒತ್ತುವಾಗ ಪಾಸ್‌ವರ್ಡ್ ಎಂಬ ಕಡೆ ಟಿಕ್ ಇದ್ದರೆ ಅವೂ ಅಳಿಯುತ್ತವೆ, ಹುಷಾರು. ಡಿಎನ್‌ಎಸ್ ಅಳಿಸಿದರೆ ನೆಟ್ ಫಾಸ್ಟ್ ಆಗುತ್ತದೆ ಎಂಬುದೂ ನಿಜವಲ್ಲ. ಎಲ್ಲವನ್ನೂ ಮತ್ತೆ ಕೇಳಬೇಕಾದ್ದರಿಂದ ಮೊದಲ ಸಲ ಪುಟ ಒಂದು ಚೂರು ನಿಧಾನವೇ ಆಗುತ್ತದೆ. ಹಾಗಾಗಿ ದಿನಾ ಅಂಗಡಿ ತೆರೆದ ಕೂಡಲೇ ಫ್ಲಶ್ ಮಾಡುವ ಅಭ್ಯಾಸ ಬೇಕಿಲ್ಲ.

## ಅಳಿಸಿದರೂ ಸರಿಹೋಗದಿದ್ದರೆ

ನಿಮ್ಮ ಕಂಪ್ಯೂಟರ್ ಮರೆತರೂ ರೌಟರ್ ಮರೆತಿಲ್ಲದಿರಬಹುದು. ಅದರ ಪವರ್ ತೆಗೆದು, ಅರ್ಧ ನಿಮಿಷ ಬಿಟ್ಟು ಹಾಕಿ. ಆಮೇಲೂ ಆಗದಿದ್ದರೆ ನೆಟ್ ಕಂಪನಿಯ ಡಿಎನ್‌ಎಸ್ ಸರ್ವರ್‌ನಲ್ಲೇ ಹಳೇ ಉತ್ತರ ಇರಬಹುದು. ಅದನ್ನು ನೀವು ಅಳಿಸಲಾರಿರಿ, ಆದರೆ ಬೇರೆಯವರನ್ನು ಕೇಳಬಹುದು. ವಿಂಡೋಸ್‌ನ ನೆಟ್‌ವರ್ಕ್ ಸೆಟ್ಟಿಂಗ್ಸ್‌ನಲ್ಲಿ ಡಿಎನ್‌ಎಸ್ ಜಾಗದಲ್ಲಿ 8.8.8.8 ಅಥವಾ ಕ್ಲೌಡ್‌ಫ್ಲೇರ್ ಕಂಪನಿಯ 1.1.1.1 ಹಾಕಿ ನೋಡಿ. ಮೊದಲು ಅಲ್ಲಿ ಏನಿತ್ತೋ ಅದನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ.

ಅರ್ಪಾನೆಟ್ ಕಾಲದ ಆ ಒಂದೇ ಫೈಲಿನ ವಂಶ ಇನ್ನೂ ಉಳಿದಿದೆ. ಪ್ರತಿ ವಿಂಡೋಸ್‌ನಲ್ಲೂ ಸಿಸ್ಟಮ್32 ಫೋಲ್ಡರ್ ಒಳಗೆ, ಡ್ರೈವರ್ಸ್ ಒಳಗಿನ ಇಟಿಸಿ ಎಂಬಲ್ಲಿ ‘ಹೋಸ್ಟ್ಸ್’ ಎಂಬ ಫೈಲ್ ಇರುತ್ತದೆ. ಅದರಲ್ಲಿ ಬರೆದದ್ದಕ್ಕೆ ಡಿಎನ್‌ಎಸ್‌ಗಿಂತ ಮೊದಲ ಮರ್ಯಾದೆ. ವೈರಸ್‌ಗಳು, ಕಳ್ಳ ಸಾಫ್ಟ್‌ವೇರ್‌ಗಳು ಅಲ್ಲಿ ಸಾಲು ಸೇರಿಸುವುದುಂಟು. ಎಷ್ಟು ಸಲ ಫ್ಲಶ್ ಮಾಡಿದರೂ ಅದು ಅಳಿಯುವುದಿಲ್ಲ, ಗೊತ್ತಿದ್ದವರಿಂದ ತೋರಿಸಬೇಕು.

ಹೊಸ ಆಂಡ್ರಾಯ್ಡ್ ಫೋನ್‌ಗಳಲ್ಲಿ ‘ಪ್ರೈವೇಟ್ ಡಿಎನ್‌ಎಸ್’ ಎಂಬ ಸೆಟ್ಟಿಂಗ್ ಇದೆ. ಜಾಹೀರಾತು ಬರಬಾರದು ಎಂದು ಯಾರೋ ಹೇಳಿದ ಹೆಸರನ್ನು ಅಲ್ಲಿ ಹಾಕಿಕೊಂಡಿದ್ದು, ಆ ಸರ್ವರ್ ಸಿಗದೇ ಹೋದರೆ, ಯಾವ ಸೈಟೂ ತೆರೆಯುವುದಿಲ್ಲ. ಅದನ್ನು ‘ಆಟೊಮ್ಯಾಟಿಕ್’ ಮಾಡಿ.

‘ನಿಮ್ಮ ಸಂಪರ್ಕ ಖಾಸಗಿಯಾಗಿಲ್ಲ’ ಎಂಬ ಎಚ್ಚರಿಕೆ ಎಲ್ಲ ಸೈಟಿನಲ್ಲೂ ಬಂದರೆ ಮೊದಲು ಕಂಪ್ಯೂಟರ್‌ನ ತಾರೀಕು ನೋಡಿ. ಹಳೇ ಡೆಸ್ಕ್‌ಟಾಪ್‌ನ ಒಳಗಿನ ಸಣ್ಣ ಬ್ಯಾಟರಿ ಹೋಗಿದ್ದರೆ ಕರೆಂಟ್ ಹೋಗಿ ಬಂದಾಗಲೆಲ್ಲ ತಾರೀಕು ಹಿಂದಕ್ಕೆ ಓಡುತ್ತದೆ. ತಾರೀಕು ಸರಿಯಿದ್ದು, ಬ್ಯಾಂಕ್ ಸೈಟಿನಲ್ಲಿ ಮಾತ್ರ ಈ ಎಚ್ಚರಿಕೆ ಬಂದರೆ ಮುಂದಕ್ಕೆ ಹೋಗಬೇಡಿ. ಡಿಎನ್‌ಎಸ್ ಸರ್ವರ್‌ಗಳ ನೆನಪಿನಲ್ಲಿ ಸುಳ್ಳು ನಂಬರ್ ತುರುಕಿ ಜನರನ್ನು ನಕಲಿ ಸೈಟಿಗೆ ಕಳಿಸಬಹುದು ಎಂದು 2008ರಲ್ಲಿ ಡ್ಯಾನ್ ಕಾಮಿನ್‌ಸ್ಕಿ ತೋರಿಸಿದ್ದರು. ಆಗ ದೊಡ್ಡ ಕಂಪನಿಗಳೆಲ್ಲ ಒಟ್ಟಿಗೆ ಸೇರಿ ತೇಪೆ ಹಾಕಿದವು. ಅಂಥ ಮೋಸಕ್ಕೆ ಬ್ರೌಸರ್‌ನ ಆ ಎಚ್ಚರಿಕೆಯೇ ದೊಡ್ಡ ತಡೆ.

ಕೆಲವೊಮ್ಮೆ ತಪ್ಪು ಪೂರ್ತಿ ಆ ಕಡೆಯದ್ದೇ ಇರುತ್ತದೆ. 2021ರ ಅಕ್ಟೋಬರ್ 4ರ ರಾತ್ರಿ 9 ಗಂಟೆ ದಾಟಿದ ಮೇಲೆ ವಾಟ್ಸಾಪ್, ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ಮೂರೂ ಸುಮಾರು ಆರು ಗಂಟೆ ನಿಂತು ಹೋಗಿದ್ದು ಹಲವರಿಗೆ ನೆನಪಿರಬಹುದು. ಮೈಂಟೆನೆನ್ಸ್ ವೇಳೆ ಕೊಟ್ಟ ಒಂದು ಕಮಾಂಡ್‌ನಿಂದ ಕಂಪನಿಯ ಡೇಟಾ ಸೆಂಟರ್‌ಗಳ ನಡುವಿನ ಸಂಪರ್ಕ ಕಡಿದು, ಅದರ ಡಿಎನ್‌ಎಸ್ ಸರ್ವರ್‌ಗಳಿಗೆ ದಾರಿಯೇ ಇಲ್ಲದಂತಾಗಿತ್ತು. ಅವತ್ತು ನಮ್ಮ ಕಡೆಯಿಂದ ಎಷ್ಟು ಫ್ಲಶ್ ಮಾಡಿದ್ದರೂ ಏನೂ ಆಗುತ್ತಿರಲಿಲ್ಲ. ರಿಸಲ್ಟ್ ದಿನ 503 ಎಂಬ ಎರರ್ ಬಂದರೂ ಅಷ್ಟೇ. ನೀವು ಸರಿಯಾದ ಸರ್ವರ್‌ಗೇ ತಲುಪಿದ್ದೀರಿ, ಅಲ್ಲಿ ಜನ ಜಾಸ್ತಿ ಆಗಿದ್ದಾರೆ. ಕಾಯುವುದು ಬಿಟ್ಟರೆ ಬೇರೆ ದಾರಿ ಇಲ್ಲ.

## ಕಂಪ್ಲೇಂಟ್ ಕೊಡುವಾಗ

ಕೊನೆಗೆ ನೆಟ್ ಕಂಪನಿಗೆ ಫೋನ್ ಮಾಡಲೇಬೇಕಾದರೆ ‘ನೆಟ್ ಬರ್ತಿಲ್ಲ’ ಎಂದಷ್ಟೇ ಹೇಳಬೇಡಿ. ಹಾಗೆ ಹೇಳಿದರೆ ಲೈನ್ ನೋಡಲು ಹುಡುಗನನ್ನು ಕಳಿಸುತ್ತಾರೆ, ಅವನು ಬಂದು ಲೈನ್ ಸರಿ ಇದೆ ಎಂದು ಹೋಗುತ್ತಾನೆ. ಬದಲಿಗೆ ಹೀಗೆ ಹೇಳಿ: ‘8.8.8.8ಕ್ಕೆ ರಿಪ್ಲೈ ಬರ್ತಾ ಇದೆ, ಈ ಸೈಟಿನ ಹೆಸರಿಗೆ ಮಾತ್ರ ನಿಮ್ಮ ಡಿಎನ್‌ಎಸ್ ನಂಬರ್ ಕೊಡ್ತಿಲ್ಲ. ಬೇರೆ ಡಿಎನ್‌ಎಸ್ ಹಾಕಿದ್ರೆ ತೆರೀತದೆ.’ ಇಷ್ಟು ಕೇಳಿದರೆ ಆ ಕಡೆಯವರಿಗೆ ಎಲ್ಲಿ ನೋಡಬೇಕು ಎಂದು ಗೊತ್ತಾಗುತ್ತದೆ. ಕಪ್ಪು ಕಿಟಕಿಯ ಆ ಎರಡು ಪಿಂಗ್‌ಗಳ ಫೋಟೊ ಮೊಬೈಲ್‌ನಲ್ಲಿ ತೆಗೆದಿಟ್ಟುಕೊಂಡರೆ ಇನ್ನೂ ಒಳ್ಳೆಯದು.